ಪ್ರಾಥಮಿಕ ಶಾಲೆಯ ವಿಜ್ಞಾನಕ್ಕೆ ಅಂತರ್ಜಾಲದ ಸಹಯೋಗ ಬೇಕೆ?

ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಸಮೀಪಿಸುತ್ತಿದ್ದಂತೆ ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಥರ್ಮೋಕೋಲ್ ಸೌರಮಂಡಲಗಳು ಸಿದ್ಧರೂಪದಲ್ಲಿ ಮಾರಾಟಕ್ಕೆ ಬರುತ್ತವೆ. ಇದು ಹಳೆಯ ಕಥೆ. ಈಗ ಇದೇ ಪದ್ಧತಿ ಅಂತರ್ಜಾಲಕ್ಕೂ ಕಾಲಿಟ್ಟಿದೆ. ನೆರೆಮನೆಯ ನಾಲ್ಕನೇ ತರಗತಿಯ ಹುಡುಗಿಗೆ ಶಾಲೆಯಲ್ಲಿ ಜಲಚಕ್ರದ ಬಗ್ಗೆ ಗುಂಪು ಪ್ರಾಜೆಕ್ಟ್ ಕೊಟ್ಟಿದ್ದರು. ನಾಲ್ವರು ಮಕ್ಕಳು ಒಂದೇ ಆನ್‌ಲೈನ್ ಕಡತದಲ್ಲಿ ಕೂಡಿ ಬರೆಯಬೇಕಿತ್ತು. ರಾತ್ರಿ ಹತ್ತು ಗಂಟೆಗೆ ನಾನು ಆ ಮನೆಗೆ ಹೋದಾಗ ನಾಲ್ವರು ಅಪ್ಪಂದಿರು ಆ ಕಡತದಲ್ಲಿ ಸಹಯೋಗ ನಡೆಸಿದ್ದರು. ಹುಡುಗಿ ನಿದ್ದೆ ಹೋಗಿದ್ದಳು.

ಇದನ್ನು ಕಂಡು ಸಾಧನವನ್ನೇ ದೂರುವುದು ಅವಸರದ ತೀರ್ಮಾನವಾದೀತು. ದೋಷವಿರುವುದು ಶಾಲೆ ಕೇಳಿದ ಪ್ರಶ್ನೆಯಲ್ಲಿ. ಉತ್ತರ ಪಠ್ಯಪುಸ್ತಕದಲ್ಲೇ ಇರುವಾಗ ನಾಲ್ವರು ಸೇರಿ ಮಾಡುವುದೇನೂ ಇಲ್ಲ. ಸೇರಿದರೆ ನಕಲು ಸುಂದರವಾಗುತ್ತದೆ, ಅಷ್ಟೆ. ಹಲವು ಊರುಗಳ ಕಣ್ಣುಗಳು ಒಟ್ಟಾದಾಗ ಮಾತ್ರ ಉತ್ತರ ಸಿಗುವಂತಹ ಪ್ರಶ್ನೆಗಳಿಗೆ ಅಂತರ್ಜಾಲ ನಿಜಕ್ಕೂ ಬೇಕು.

ಉದಾಹರಣೆಗೆ, ಬೆಂಗಳೂರು ಮತ್ತು ಬೀದರ್ ಹೆಚ್ಚುಕಡಿಮೆ ಒಂದೇ ರೇಖಾಂಶದಲ್ಲಿವೆ. ನೇರ ಅಂತರ ಸುಮಾರು 550 ಕಿ.ಮೀ. ಹಗಲು ರಾತ್ರಿಗಳು ಸಮನಾಗುವ ಮಾರ್ಚ್ 20 ಅಥವಾ 21ರಂದು ಎರಡೂ ಊರುಗಳ ಮಕ್ಕಳು ಅಂಗಳದಲ್ಲಿ ಒಂದು ಮೀಟರ್ ಉದ್ದದ ಕೋಲನ್ನು ನೆಟ್ಟಗೆ ನಿಲ್ಲಿಸಲಿ. ಹನ್ನೆರಡರಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳನ್ನು ಅಳೆಯಲಿ. ಅತಿ ಗಿಡ್ಡ ನೆರಳು ಬೆಂಗಳೂರಿನಲ್ಲಿ ಸುಮಾರು 23 ಸೆಂ.ಮೀ. ಇದ್ದರೆ ಬೀದರಿನಲ್ಲಿ ಸುಮಾರು 32 ಸೆಂ.ಮೀ. ಇರುತ್ತದೆ. ಅದೇ ಸೂರ್ಯ, ಅಷ್ಟೇ ಉದ್ದದ ಕೋಲು, ನೆರಳೇಕೆ ಬೇರೆ? ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಎರಟೋಸ್ಥನೀಸ್ ಈಜಿಪ್ಟಿನ ಎರಡು ಊರುಗಳ ನೆರಳನ್ನು ಹೋಲಿಸಿಯೇ ಭೂಮಿಯ ಸುತ್ತಳತೆಯನ್ನು ಅಂದಾಜು ಮಾಡಿದ್ದು. ನಾಲ್ಕನೇ ತರಗತಿಯವರು ಆ ಲೆಕ್ಕ ಮಾಡಬೇಕಾಗಿಲ್ಲ. 'ಏಕೆ' ಎಂಬ ಪ್ರಶ್ನೆ ಅವರಲ್ಲಿ ಹುಟ್ಟಿದರೆ ಸಾಕು.

ಇಲ್ಲಿ ಬೇಕಾದ ಆನ್‌ಲೈನ್ ಸಾಧನವೆಂದರೆ ಎಲ್ಲ ಶಾಲೆಗಳೂ ತುಂಬಬಹುದಾದ ಒಂದು ಸರಳ ಕೋಷ್ಟಕ ಮಾತ್ರ. ಬೀದರಿನ ಇನ್ನೊಂದು ಶಾಲೆ ಅದರಲ್ಲಿ 36 ಎಂದು ಬರೆಯಿತೆನ್ನಿ. ಕೋಲು ವಾಲಿತ್ತೆ? ನೆಲ ಇಳಿಜಾರಾಗಿತ್ತೆ? ಅಳತೆಪಟ್ಟಿಯನ್ನು ಸೊನ್ನೆಯಿಂದ ಹಿಡಿಯಲಿಲ್ಲವೆ? ಬೇರೆಯವರ ಅಂಕಿ ಎದುರಿಗಿದ್ದಾಗ ಮಗು ತನ್ನ ಅಂಕಿಯನ್ನು ತಾನೇ ಸಂಶಯಿಸಿ ಮತ್ತೆ ಅಂಗಳಕ್ಕೆ ಹೋಗುತ್ತದೆ. ವಿಜ್ಞಾನದ ಮೊದಲ ಪಾಠವೇ ಅದು. ಥರ್ಮೋಕೋಲ್ ಮಾದರಿ ಈ ಪಾಠವನ್ನು ಕಲಿಸಲಾರದು.

ಇದು ಬರಿಯ ಕಲ್ಪನೆಯಲ್ಲ. 1995ರಲ್ಲಿ ಆರಂಭವಾದ 'ಗ್ಲೋಬ್' ಕಾರ್ಯಕ್ರಮದಲ್ಲಿ ನೂರಕ್ಕೂ ಹೆಚ್ಚು ದೇಶಗಳ ಶಾಲೆಗಳು ಮಳೆ, ಮೋಡ, ಮಣ್ಣುಗಳ ವಿವರಗಳನ್ನು ಹಂಚಿಕೊಳ್ಳುತ್ತಿವೆ. ನಮ್ಮ ದೇಶದ್ದೇ ಆದ 'ಸೀಸನ್‌ವಾಚ್' ಯೋಜನೆಯಲ್ಲಿ ಮಕ್ಕಳು ಒಂದು ಮರವನ್ನು ಆರಿಸಿಕೊಂಡು ಅದರ ಚಿಗುರು, ಹೂವು, ಕಾಯಿಗಳನ್ನು ವಾರವಾರವೂ ದಾಖಲಿಸುತ್ತಾರೆ. ಕೇರಳದ ಶಾಲೆಗಳು ಇದರಲ್ಲಿ ಮುಂದಿವೆ. ಹೊಂಗೆ, ಹುಣಸೆ, ಕಕ್ಕೆ ಮರಗಳಿಲ್ಲದ ಊರು ನಮ್ಮಲ್ಲಿಯೂ ಅಪರೂಪವೇ.

ತೊಡಕುಗಳಿಲ್ಲವೆಂದಲ್ಲ. ಕೇಂದ್ರ ಶಿಕ್ಷಣ ಸಚಿವಾಲಯದ 2024–25ರ ಯುಡೈಸ್ ಪ್ಲಸ್ ವರದಿಯಂತೆ ದೇಶದ ಶೇ 63.5ರಷ್ಟು ಶಾಲೆಗಳಲ್ಲಿ ಮಾತ್ರ ಅಂತರ್ಜಾಲವಿದೆ. ಪ್ರತಿ ಮಗುವಿಗೂ ಒಂದು ಸಾಧನ ಬೇಕೆಂದು ಪಟ್ಟು ಹಿಡಿದರೆ ಉಳಿದ ಶಾಲೆಗಳ ಮಕ್ಕಳು ಇನ್ನಷ್ಟು ಹಿಂದುಳಿಯುತ್ತಾರೆ. ಆದರೆ ಕೋಷ್ಟಕಕ್ಕೆ ನಾಲ್ಕು ಅಂಕಿಗಳನ್ನು ಸೇರಿಸಲು ಶಿಕ್ಷಕರೊಬ್ಬರ ಮೊಬೈಲ್ ಫೋನ್ ಸಾಕು. ಸಂಪರ್ಕವಿಲ್ಲದ ಹಳ್ಳಿಯ ಶಿಕ್ಷಕರು ಸಂಜೆ ಪೇಟೆಗೆ ಬಂದಾಗಲೂ ಅದನ್ನು ಕಳುಹಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಒಪ್ಪಿಗೆ ಪಡೆಯಬೇಕೆನ್ನುತ್ತದೆ. ಹಾಗಾಗಿ ಕೋಷ್ಟಕದಲ್ಲಿ ಮಕ್ಕಳ ಹೆಸರು, ಭಾವಚಿತ್ರಗಳೇ ಬೇಡ. ಊರಿನ ಹೆಸರಿದ್ದರೆ ಸಾಕು.

ನನಗೆ ಹೆಚ್ಚು ಚಿಂತೆಯಿರುವುದು ಶಿಕ್ಷಕರ ಸಮಯದ ಬಗ್ಗೆ. ಗುಂಪಿನಲ್ಲಿ ಕಲಿಸುವುದು ನಮ್ಮವರಿಗೆ ಹೊಸದಲ್ಲ. 'ನಲಿ ಕಲಿ' ಅದನ್ನು ಮೂರು ದಶಕಗಳ ಹಿಂದೆಯೇ ಹೆಗ್ಗಡದೇವನಕೋಟೆಯಲ್ಲಿ ತೋರಿಸಿತ್ತು. ಆದರೆ ಈ ಕೋಷ್ಟಕವೂ ಮೇಲಧಿಕಾರಿಗಳಿಗೆ ಒಪ್ಪಿಸಬೇಕಾದ ಮತ್ತೊಂದು ವರದಿಯಾದರೆ, ಅಳೆಯದೆಯೇ ಅಂಕಿ ತುಂಬುವ ಕಲೆ ಬೆಳೆಯುತ್ತದೆ. ಆದ್ದರಿಂದ ಶಿಕ್ಷಣ ಇಲಾಖೆಯು ವರ್ಷಕ್ಕೆ ಒಂದೇ ಪ್ರಶ್ನೆಯನ್ನು ಆರಿಸಿಕೊಳ್ಳಲಿ, ಅದಕ್ಕೆ ಅಂಕವನ್ನೂ ಬಹುಮಾನವನ್ನೂ ಇಡದಿರಲಿ. ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಬೀದರಿನಿಂದ ಚಾಮರಾಜನಗರದವರೆಗೆ ಮಕ್ಕಳು ಕೋಲು ಹಿಡಿದು ಅಂಗಳಕ್ಕೆ ಇಳಿಯಲಿ. ಅಪ್ಪಂದಿರು ಆ ಹೊತ್ತಿಗೆ ಕಚೇರಿಯಲ್ಲಿರುತ್ತಾರೆಂಬುದೂ ಒಂದು ಅನುಕೂಲವೇ.