ಇನ್‌ಸ್ಟಾಲ್ ಡಿಸ್ಕಿಗೂ ತಾರೀಖು ಬೇಕು

ವೈರಸ್ ಬಂತೆಂದರೆ ‘ಫಾರ್ಮ್ಯಾಟ್ ಹೊಡೆದುಬಿಡಿ’ ಎನ್ನುವುದು ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ದಿನವೂ ಕೇಳುವ ಮಾತು. ಹೊಸದಾಗಿ ವಿಂಡೋಸ್ ಹಾಕಿದ ಮೇಲೆ ಇನ್ನೇನೂ ಭಯವಿಲ್ಲ ಎಂಬ ನಂಬಿಕೆ ಆ ಮಾತಿನ ಹಿಂದಿದೆ. ನಿಜವೆಂದರೆ, ಹಾಕಿಸಿದ ಮೊದಲ ಕೆಲವು ಗಂಟೆಗಳಲ್ಲೇ ಅದಕ್ಕೆ ಅಪಾಯ ಹೆಚ್ಚು. ಹಾಕಿದ್ದು ಇವತ್ತಾದರೂ ಒಳಗೆ ಕೂತಿರುವುದು ಡಿಸ್ಕ್ ತಯಾರಾದ ದಿನದ ವಿಂಡೋಸ್. ಆಮೇಲೆ ಪತ್ತೆಯಾದ ತೂತುಗಳೆಲ್ಲ ಅದರಲ್ಲಿ ಹಾಗೇ ತೆರೆದಿರುತ್ತವೆ. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು ಜಾಲದ ಮೂಲಕ ತಾನಾಗಿ ಹರಡಿದಾಗ ಇದು ಢಾಳಾಗಿ ಕಂಡಿತು. ಅದನ್ನು ತಡೆಯುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಜುಲೈನಲ್ಲೇ ಕೊಟ್ಟಿತ್ತು. ಆದರೆ 2001ರ ವಿಂಡೋಸ್ ಎಕ್ಸ್‌ಪಿ ಸಿಡಿಯಿಂದ ಇನ್‌ಸ್ಟಾಲ್ ಮಾಡಿ, ತಿದ್ದುಪಡಿ ಇಳಿಸಿಕೊಳ್ಳಲೆಂದು ನೆಟ್‌ಗೆ ಸೇರಿಸಿದರೆ ಅದು ಇಳಿಯುವ ಮೊದಲೇ ಹುಳು ಒಳಗೆ ಬರಬಹುದಿತ್ತು. ಪರದೆಯ ಮೇಲೆ 60 ಸೆಕೆಂಡಿನ ಎಣಿಕೆ ಶುರುವಾಗಿ ಯಂತ್ರ ತಾನಾಗಿಯೇ ಮುಚ್ಚಿ ಮತ್ತೆ ಶುರುವಾಗುತ್ತಿತ್ತು. ಮದ್ದು ತರಲು ಹೊರಟವನಿಗೆ ದಾರಿಯಲ್ಲೇ ಕಾಯಿಲೆ ತಗುಲಿದಂತೆ.

ಪರಿಹಾರ ಹಳೆಯದೇ: ತಿದ್ದುಪಡಿಗಳನ್ನು ಇನ್‌ಸ್ಟಾಲ್ ಡಿಸ್ಕಿನೊಳಗೇ ಬೆಸೆಯುವ ಸ್ಲಿಪ್‌ಸ್ಟ್ರೀಮಿಂಗ್. ಇಂದಿನ ವಿಂಡೋಸ್ ಡಿಸ್ಕಿನಲ್ಲಿ ಇಡೀ ವ್ಯವಸ್ಥೆ ಒಂದೇ ದೊಡ್ಡ ಫೈಲಿನಲ್ಲಿ ಮಡಚಿಕೊಂಡಿರುತ್ತದೆ. ವಿಂಡೋಸ್ ಜೊತೆಗೇ ಬರುವ ‘ಡಿಸ್ಮ್’ ಎಂಬ ಸಲಕರಣೆಯಿಂದ ಆ ಫೈಲನ್ನು ಒಂದು ಖಾಲಿ ಫೋಲ್ಡರಿನಲ್ಲಿ ಬಿಚ್ಚಿ, ತಿಂಗಳ ಅಪ್‌ಡೇಟ್ ಸೇರಿಸಿ, ಮತ್ತೆ ಮಡಚಿಡಬೇಕು. ಒಂದು ಶಾಲೆಯ ಲ್ಯಾಬಿಗೋ ಕಚೇರಿಗೋ ಮೂವತ್ತು ಕಂಪ್ಯೂಟರ್ ಸಿದ್ಧಪಡಿಸುವವರು ಈ ಕೆಲಸವನ್ನು ಒಮ್ಮೆ ಮಾಡಿಕೊಂಡರೆ ಸಾಕು. ಇದನ್ನು ಅವರ ಕರ್ತವ್ಯವೆಂದೇ ಪರಿಗಣಿಸಬೇಕು ಎಂಬುದು ನನ್ನ ವಾದ. ಹೊಸದಾಗಿ ಹಾಕಿದ ವಿಂಡೋಸಿನಲ್ಲಿ ಅದರ ಜೊತೆಗೇ ಬರುವ ವೈರಸ್ ತಡೆ ತಂತ್ರಾಂಶ ಡಿಫೆಂಡರ್ ಹಳೆಯದಾಗಿದ್ದು ಮೊದಲ ಗಂಟೆಗಳಲ್ಲಿ ರಕ್ಷಣೆಯ ಕೊರತೆ ಇರುತ್ತದೆಂದು ಮೈಕ್ರೋಸಾಫ್ಟೇ ಒಪ್ಪಿಕೊಂಡಿದೆ. ಅದಕ್ಕಾಗಿ ಇನ್‌ಸ್ಟಾಲ್ ಇಮೇಜನ್ನು, ಅಂದರೆ ಆ ದೊಡ್ಡ ಫೈಲನ್ನು, ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಲು ಸಲಹೆಯನ್ನೂ ಕೊಟ್ಟಿದೆ.

ಈಗ ನೆಟ್ ವೇಗವಾಗಿದೆ, ರೌಟರಿನ ಮರೆ ಇದೆ, ಅಪ್‌ಡೇಟ್ ತಾನಾಗಿ ಬರುತ್ತದೆ, ಇಷ್ಟು ತಾಪತ್ರಯ ಏಕೆ ಎಂದು ಕೇಳಬಹುದು. ಮನೆಯ ಒಂಟಿ ಕಂಪ್ಯೂಟರಿನ ಮಟ್ಟಿಗೆ ಈ ಮಾತಿನಲ್ಲಿ ಹುರುಳಿದೆ. ಆದರೆ ಲ್ಯಾಬಿನಲ್ಲಿ ಅಪಾಯ ರೌಟರಿನಾಚೆಯಿಂದಲೇ ಬರಬೇಕೆಂದಿಲ್ಲ. 2017ರ ಮೇ 12ರಂದು ಹಬ್ಬಿದ ವಾನ್ನಾಕ್ರೈ ಎಂಬ ಹುಳು, ಒಳಜಾಲದ ಒಂದು ಯಂತ್ರಕ್ಕೆ ಹೊಕ್ಕರೆ ಪಕ್ಕದ ಯಂತ್ರಗಳಿಗೆ ತಾನೇ ಹರಿಯುತ್ತಿತ್ತು. ಅದರ ತಿದ್ದುಪಡಿಯೂ ಎರಡು ತಿಂಗಳು ಮೊದಲೇ ಬಂದಿತ್ತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಬೆಸುಗೆಯೇ ಕೆಡಬಹುದು. 2024ರ ಅಕ್ಟೋಬರ್ ಅಥವಾ ನವೆಂಬರ್ ತಿದ್ದುಪಡಿ ಸೇರಿಸಿದ ಡಿಸ್ಕಿನಿಂದ ಹಾಕಿದ ವಿಂಡೋಸ್ 11ರ 24ಎಚ್2 ಆವೃತ್ತಿ ಮುಂದಿನ ಭದ್ರತಾ ಅಪ್‌ಡೇಟ್‌ಗಳನ್ನೇ ತೆಗೆದುಕೊಳ್ಳದೆ ನಿಲ್ಲಬಹುದಿತ್ತು. ಡಿಸೆಂಬರ್ ತಿದ್ದುಪಡಿಯೊಂದಿಗೆ ಡಿಸ್ಕನ್ನು ಮತ್ತೆ ಮಾಡಿಕೊಳ್ಳಿ ಎಂದು ಕಂಪನಿ ಹೇಳಬೇಕಾಯಿತು. ಹಾಗೆಂದು ಹಳೆಯ ಡಿಸ್ಕಿಗೇ ಜೋತುಬೀಳುವುದು ಸರಿಯಲ್ಲ. ಹೊಸ ಡಿಸ್ಕನ್ನು ಮೊದಲು ಒಂದೇ ಯಂತ್ರಕ್ಕೆ ಹಾಕಿ, ಮುಂದಿನ ತಿಂಗಳ ಅಪ್‌ಡೇಟ್ ಸರಿಯಾಗಿ ಕೂರುತ್ತದೆಯೇ ಎಂದು ನೋಡಿ, ಆಮೇಲೆ ಉಳಿದವಕ್ಕೆ ಹಾಕಬೇಕು.

‘ಎಲ್ಲ ಅಪ್‌ಡೇಟ್ ಸೇರಿಸಿದೆ’ ಎಂದು ಯಾರೋ ಹಂಚುವ ಡಿಸ್ಕನ್ನು ಮಾತ್ರ ಮುಟ್ಟಲೇಬಾರದು. ತಿದ್ದುಪಡಿ ಸೇರಿಸಿದ ಕೈ ಇನ್ನೇನು ಸೇರಿಸಿದೆಯೋ ಹೊರಗಿನಿಂದ ತಿಳಿಯುವುದಿಲ್ಲ. ಮೂಲ ಫೈಲನ್ನು ಕಂಪನಿಯ ತಾಣದಿಂದಲೇ ಇಳಿಸಿ, ಅದರ ಹ್ಯಾಶ್ ಸಂಖ್ಯೆಯನ್ನು ಅಲ್ಲಿ ಪ್ರಕಟವಾದುದರ ಜೊತೆ ತಾಳೆ ನೋಡಿ, ಬೆಸುಗೆಯನ್ನು ನಾವೇ ಮಾಡಿಕೊಳ್ಳಬೇಕು. ಪೆನ್‌ಡ್ರೈವಿನ ಮೇಲೆ ಚೀಟಿ ಅಂಟಿಸಿ ಯಾವ ತಿಂಗಳವರೆಗಿನ ತಿದ್ದುಪಡಿ ಅದರಲ್ಲಿದೆ ಎಂದು ಬರೆದಿಟ್ಟರೆ, ಮುಂದೆ ಅದನ್ನು ಕೈಗೆತ್ತಿಕೊಳ್ಳುವವರಿಗೆ ಅದನ್ನು ಬಳಸಬೇಕೋ ಮತ್ತೆ ಬೆಸೆಯಬೇಕೋ ತಿಳಿಯುತ್ತದೆ.