ನೀರಡಿಯ ಕೊಳ್ಳೆ

ಈ ತಿಂಗಳು ತಮ್ಮ ಮುಂದೆ ಇಡುವ ವಿಷಯವು ನಮ್ಮ ವಯಸ್ಸಿಗೂ ವೃತ್ತಿಗೂ ಒಪ್ಪತಕ್ಕದ್ದಲ್ಲವೆಂದು ಕೆಲವರಿಗೆ ತೋರಬಹುದು. ಮೂವತ್ತು ವರುಷ ಅಮರಕೋಶವನ್ನೂ ಶಬ್ದರೂಪಗಳನ್ನೂ ಬಾಯಿಪಾಠ ಮಾಡಿಸಿದವರು ಕಂಪ್ಯೂಟರಿನ ಆಟವೊಂದನ್ನು ಕುರಿತು ಬರೆಯುವದೇನೆಂದು ನಮ್ಮ ಮನೆಯವರೇ ಮೊದಲು ಕೇಳಿದರು. ಆದರೆ ಆ ಆಟದ ನಿಮಿತ್ತವಾಗಿ ನಮ್ಮ ಮನೆಯಲ್ಲಿ ಎಂಟು ದಿವಸ ಅನ್ನಕ್ಕೆ ರುಚಿ ಇರಲಿಲ್ಲ. ಆದಕಾರಣ ಬರೆಯದೆ ಗತ್ಯಂತರವಿಲ್ಲ.

ನಾವಿರುವದು ಬೆಳಗಾವಿಯ ಕ್ಯಾಂಪಿನಲ್ಲಿ. ಸಂಜೆಗೆ ಮಿಲಿಟರಿ ಮಹಾದೇವನ ಗುಡಿಯವರೆಗೆ ನಡೆದು ಬಂದು, ಎಂಟಕ್ಕೆ ಊಟ ಮುಗಿಸಿ, ಒಂಬತ್ತಕ್ಕೆ ದೀಪ ಆರಿಸುವದು ನಮ್ಮ ಪದ್ಧತಿ. ಆ ಹೊತ್ತಿಗೇ ಅಟ್ಟದ ಕೋಣೆಯಲ್ಲಿ ಹತ್ತೊಂಬತ್ತು ವರುಷದ ನಮ್ಮ ಮೊಮ್ಮಗನ ಹಗಲು ಆರಂಭವಾಗುವದು. ಒಂದು ರಾತ್ರಿ ಮೇಲಿನಿಂದ "ಮುಳುಗೋ, ಲಗೂನ ಮುಳುಗೋ! ಗಾಳಿ ತೀರಲಿಕ್ಕೆ ಬಂತು!" ಎಂಬ ಕೂಗು ಕೇಳಿ ನಮ್ಮ ಮನೆಯವರು ಎದ್ದು ಕುಳಿತರು. 2019ರಲ್ಲಿ ನಮ್ಮ ಊರಿನ ಸಮೀಪದಲ್ಲಿಯೇ ಮೊಬೈಲಿನ ಆಟದ ಸಲುವಾಗಿ ಒಂದು ಮನೆಯಲ್ಲಿ ನಡೆದ ಘೋರವನ್ನು ಅವರು ಇನ್ನೂ ಮರೆತಿಲ್ಲ. ನಾವು ಮೆಟ್ಟಿಲು ಹತ್ತಿ ಹೋಗಿ ಹುಡುಗನ ಬೆನ್ನ ಹಿಂದೆ ನಿಂತು ನೋಡಿದೆವು. ನೋಡಿದ್ದನ್ನು ಹೇಳುತ್ತೇವೆ.

ಆಟದ ಹೆಸರು ರಸ್ಟ್, ಅಂದರೆ ತುಕ್ಕು. ಇಂಗ್ಲೆಂಡಿನ ಫೇಸ್‌ಪಂಚ್ ಎಂಬ ಸಂಸ್ಥೆಯವರು 2013ರಲ್ಲಿ ಅರೆಬೆಂದ ಸ್ಥಿತಿಯಲ್ಲಿಯೂ 2018ರಲ್ಲಿ ಪೂರ್ಣರೂಪದಲ್ಲಿಯೂ ಹೊರತಂದದ್ದು. ಆಡುವವನು ಒಂದು ದ್ವೀಪದ ದಂಡೆಯಲ್ಲಿ ಬರಿಮೈಯಲ್ಲಿ ಎಚ್ಚರಗೊಳ್ಳುವನು. ಕೈಯಲ್ಲಿ ಒಂದು ಕಲ್ಲು, ಒಂದು ಪಂಜು, ಇಷ್ಟೇ ಆಸ್ತಿ. ಹಸಿವು, ಚಳಿ, ಕರಡಿ ಎಲ್ಲವೂ ಉಂಟು. ಅವೆಲ್ಲಕ್ಕಿಂತ ಹೆಚ್ಚಿನ ಭಯ ಅದೇ ದ್ವೀಪದಲ್ಲಿ ತಿರುಗುವ ಇತರ ನೂರಾರು ಜನರದು. ಅವರೆಲ್ಲರೂ ತಮ್ಮ ತಮ್ಮ ಮನೆಗಳಲ್ಲಿ ಕುಳಿತ ನಿಜವಾದ ಮನುಷ್ಯರೇ.

2021ರ ಮೇ ತಿಂಗಳಲ್ಲಿ ಇದಕ್ಕೆ ಸಮುದ್ರತಳದ ಪ್ರಯೋಗಶಾಲೆಗಳನ್ನು ಸೇರಿಸಿದರು. ಮೀನುಗಾರರ ಹಳ್ಳಿಯಲ್ಲಿ ಗುಜರಿ ಸಾಮಾನನ್ನೇ ಹಣವಾಗಿ ಕೊಟ್ಟು ಒಬ್ಬರು ಅಥವಾ ಇಬ್ಬರು ಕೂಡ್ರುವ ಸಣ್ಣ ಜಲಾಂತರ್ಗಾಮಿಯನ್ನು ಕೊಳ್ಳಬೇಕು. ಇಲ್ಲವೆ ಬೆನ್ನಿಗೆ ಗಾಳಿಯ ಸಿಲಿಂಡರು, ಕಾಲಿಗೆ ಈಜುರೆಕ್ಕೆ ಕಟ್ಟಿಕೊಂಡು ಇಳಿಯಬೇಕು. ದಾರಿಯಲ್ಲಿ ಶಾರ್ಕ್ ಮೀನುಗಳಿವೆ. ಒಳಗೆ ಉದ್ದನೆಯ ಓಣಿಗಳು, ಮಲಗುವ ಕೋಣೆಗಳು, ಬಣ್ಣದ ಕಾರ್ಡು ತೋರಿಸಿದರೆ ಮಾತ್ರ ತೆರೆಯುವ ಬಾಗಿಲುಗಳು, ಅವುಗಳ ಆಚೆ ಪೆಟ್ಟಿಗೆಗಳು. ಕಾವಲಿಗೆ ಬಂದೂಕು ಹಿಡಿದ ವಿಜ್ಞಾನಿಗಳು! ಹೊಸ ಭೂಪಟಕ್ಕೊಮ್ಮೆ ಕೋಣೆಗಳ ಜೋಡಣೆಯೇ ಬೇರೆಯಾಗುವದರಿಂದ ಬಾಯಿಪಾಠ ಮಾಡಿದ ದಾರಿ ಉಪಯೋಗಕ್ಕೆ ಬಾರದು. (ಇದೊಂದು ಮಾತ್ರ ನಮ್ಮ ಶಿಕ್ಷಕಮನಸ್ಸಿಗೆ ಸೇರಲಿಲ್ಲ.) ನಮ್ಮ ಜಿಲ್ಲೆಯಲ್ಲಿಯೂ ನೀರಡಿಯ ಕಟ್ಟಡವಿದೆ. ಹಿಡಕಲ್ ಜಲಾಶಯದಲ್ಲಿ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿ ಬೇಸಗೆಯಲ್ಲಿ ನೀರಿಳಿದಾಗ ಮೇಲೇಳುವದು. ಆದರೆ ಅಲ್ಲಿಗೆ ಯಾರೂ ಚೀಲ ಹಿಡಿದುಕೊಂಡು ಹೋಗುವದಿಲ್ಲ.

ಆ ಶಾಲೆಯನ್ನು ಹೊಗುವ ದ್ವಾರ ನೆಲದಲ್ಲಿ ಕೊರೆದ ತೆರೆದ ಕೊಳ. ಬಾಗಿಲಿಲ್ಲ, ಮುಚ್ಚಳವಿಲ್ಲ, ಆದರೂ ಸಮುದ್ರ ಒಳಗೆ ನುಗ್ಗುವದಿಲ್ಲ. "ಇದು ಸುಳ್ಳು" ಎಂದೆವು. ಮೊಮ್ಮಗನು ಬಚ್ಚಲಮನೆಗೆ ಕರೆದೊಯ್ದು ತಂಬಿಗೆಯನ್ನು ಬೋರಲು ಮಾಡಿ ನೇರವಾಗಿ ಬಕೆಟ್ಟಿನೊಳಗೆ ಒತ್ತಿದನು. ಒಳಗಿನ ಗಾಳಿ ನೀರನ್ನು ತಡೆಯಿತು. ಒಳಗಿನ ಗಾಳಿಯ ಒತ್ತಡವು ಹೊರಗಿನ ನೀರಿನ ಒತ್ತಡಕ್ಕೆ ಸಮನಾಗಿದ್ದರೆ ಬಾಗಿಲೇ ಬೇಡ. ಹತ್ತು ಮೀಟರು ಇಳಿದಂತೆ ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುವದು. ಈ ತತ್ತ್ವದ ಮೇಲೆಯೇ ಫ್ರಾನ್ಸಿನ ಕುಸ್ತೋ ಎಂಬವನು 1963ರಲ್ಲಿ ಕೆಂಪುಸಮುದ್ರದಲ್ಲಿ ಸುಮಾರು ಹತ್ತು ಮೀಟರು ಆಳದಲ್ಲಿ ಮನೆ ಮಾಡಿ ಜನರನ್ನು ಒಂದು ತಿಂಗಳು ಇರಿಸಿದನು. ಅಮೇರಿಕದ ಫ್ಲೋರಿಡಾದ ಬಳಿ ಸುಮಾರು ಹತ್ತೊಂಬತ್ತು ಮೀಟರು ಆಳದಲ್ಲಿ ಅಕ್ವೇರಿಯಸ್ ಎಂಬ ನಿಜವಾದ ಪ್ರಯೋಗಶಾಲೆಯಿದೆ. ಅಲ್ಲಿ ಕೆಲವು ದಿನ ಇದ್ದವರು ಥಟ್ಟನೆ ಮೇಲೆ ಬರುವಂತಿಲ್ಲ. ಒತ್ತಡವನ್ನು ಮೆಲ್ಲಮೆಲ್ಲನೆ ಇಳಿಸಿಕೊಳ್ಳುತ್ತ ಹದಿನೈದು ಗಂಟೆಗೂ ಹೆಚ್ಚು ಕಾಯಬೇಕು. ಇಲ್ಲವಾದರೆ ರಕ್ತದಲ್ಲಿ ಗಾಳಿಯ ಗುಳ್ಳೆಯೆದ್ದು ಪ್ರಾಣಕ್ಕೆ ಅಪಾಯ. ಆಟದಲ್ಲಿ ಇಂಥ ಕಾಯುವಿಕೆ ಇಲ್ಲ. ಇದ್ದಿದ್ದರೆ ಮುಂದಿನ ಜಗಳವೇ ಆಗುತ್ತಿರಲಿಲ್ಲವೇನೋ.

ನಮ್ಮ ಮೊಮ್ಮಗನ ಜೊತೆಗಾರ ಖಾನಾಪುರದ ಹುಡುಗ, ಒಂದೇ ಕಾಲೇಜು. ರವಿವಾರ ತಪ್ಪದೆ ನಮ್ಮಲ್ಲಿಗೆ ಬಂದು ಥಾಲಿಪಟ್ಟು ತಿಂದು ಹೋಗುವವನು. ಇಬ್ಬರೂ ಒಂದೇ ಜಲಾಂತರ್ಗಾಮಿಯಲ್ಲಿ ಇಳಿದರು. ಕೊನೆಯ ಕೋಣೆಯಲ್ಲಿ ಕಾವಲಿನವನ ಗುಂಡು ತಗಲಿ ಖಾನಾಪುರದವನು ಬಿದ್ದನು. ಬಿದ್ದವನು ಒಡನೆ ಸಾಯನು. ಜೊತೆಗಾರನು ಹಿಡಿದೆಬ್ಬಿಸಿದರೆ ಏಳುವನು. ಅಷ್ಟರಲ್ಲಿ ಬೇರೊಂದು ತಂಡ ಕೊಳದಲ್ಲಿ ತಲೆಯೆತ್ತಿದ ಸಪ್ಪಳ. ನಮ್ಮವನು ಎಬ್ಬಿಸಲಿಲ್ಲ. ಅವನು ಸತ್ತೊಡನೆ ಅವನ ಚೀಲದ ಸಾಮಾನನ್ನೂ ತುಂಬಿಕೊಂಡು ಇನ್ನೊಂದು ಓಣಿಯಿಂದ ಪಾರಾಗಿ ಬಂದನು. ಬಂದವನು ಎಲ್ಲವನ್ನೂ ತನ್ನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದನು. ಆ ರವಿವಾರ ಖಾನಾಪುರದ ಹುಡುಗ ಬರಲಿಲ್ಲ. ಥಾಲಿಪಟ್ಟಿನ ಹಿಟ್ಟು ಹುಳಿಯಿತು.

"ಅಜ್ಜಾ, ಅಂವ ಸತ್ತಿದ್ದ. ಆಟದಾಗ ಸತ್ತವನ ಸಾಮಾನು ಎತ್ತಿದವನದ. ಅದ ಕಾಯ್ದೆ" ಎಂದು ಮೊಮ್ಮಗನ ವಾದ.

ಕಾಯ್ದೆಯ ಮಾತು ಬಂದ ಮೇಲೆ ನಾವು ಬಿಡುವವರಲ್ಲ. ಮಿತಾಕ್ಷರೆಯನ್ನು ತೆಗೆದೆವು, ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿಯೇ ಕುಳಿತು ಬರೆದ ಗ್ರಂಥವಷ್ಟೆ. ಅದರಲ್ಲಿ ಸಂಭೂಯಸಮುತ್ಥಾನವೆಂಬ ಪ್ರಕರಣವಿದೆ. ಹಲವರು ಕೂಡಿ ಮಾಡುವ ವ್ಯಾಪಾರದ ನ್ಯಾಯ. ಪಾಲುಗಾರರಲ್ಲಿ ಒಬ್ಬನು ಪರದೇಶದಲ್ಲಿ ಸತ್ತರೆ ಅವನ ದ್ರವ್ಯವು ವಾರಸುದಾರರಿಗೆ ಸೇರಬೇಕೇ ಹೊರತು ಎತ್ತಿಕೊಂಡವನಿಗಲ್ಲ. ಆದರೆ ಆಪತ್ತಿನಿಂದ ಸರಕನ್ನು ಉಳಿಸಿ ತಂದ ಪಾಲುಗಾರನಿಗೆ ಹತ್ತನೆಯ ಒಂದಂಶ ಹೆಚ್ಚು ಸಲ್ಲುವದು. ಸತ್ತವನೇ ಮರುಕ್ಷಣ ಎದ್ದು ಬಂದು ತನಗೆ ತಾನೇ ವಾರಸುದಾರನಾಗಿ ನಿಂತರೆ ಏನೆಂಬುದನ್ನು ಯಾಜ್ಞವಲ್ಕ್ಯನು ಯೋಚಿಸಿಲ್ಲ. ಆದರೂ ತೀರ್ಪಿಗೆ ತೊಡಕಿರಲಿಲ್ಲ. "ಹತ್ತನೆಯ ಪಾಲು ನಿನ್ನದು. ಉಳಿದದ್ದರಲ್ಲಿ ಇಬ್ಬರೂ ಸಮ" ಎಂದೆವು. ಶ್ರೀಕೃಷ್ಣನು ಸಮುದ್ರವನ್ನು ಹೊಕ್ಕು ಪಂಚಜನನನ್ನು ಕೊಂದು ಶಂಖವನ್ನು ತಂದನೆಂಬುದನ್ನು ಮೊಮ್ಮಗನು ಎದುರಿಗೊಡ್ಡಿದನು. ಅವನು ಹೋದದ್ದು ಶಂಖಕ್ಕಲ್ಲ, ಗುರುಪುತ್ರನನ್ನು ಹುಡುಕಲಿಕ್ಕೆಂದು ನೆನಪಿಸಿದೆವು. ಸುಮ್ಮನಾದನು.

ಫೋನಿನಲ್ಲಿ ತೀರ್ಪನ್ನು ತಿಳಿಸಿದನು. ಆಚೆಯಿಂದ ಬಂದ ಉತ್ತರ ನಮಗೂ ಕೇಳಿಸಿತು: "ಸಾಮಾನೆಲ್ಲಾ ನೀನ ಇಟ್ಕೋ. ನನ್ನ ಎಬ್ಬಸ್ಲಿಕ್ಕೆ ಎಷ್ಟು ಹೊತ್ತು ಹಿಡೀತಿತ್ತು, ಅಷ್ಟ ಹೇಳು."

ಐದಾರು ಎಣಿಸುವಷ್ಟು ಹೊತ್ತು ಎಂದು ಮೊಮ್ಮಗನು ನಮಗೆ ಆಮೇಲೆ ಹೇಳಿದನು, ಅವನಿಗೆ ಹೇಳಲಿಲ್ಲ. ಮಿತಾಕ್ಷರೆಯನ್ನು ನಾವು ಮುಚ್ಚಿ ಕಪಾಟಿನಲ್ಲಿಟ್ಟೆವು. ಆ ಪ್ರಶ್ನೆಗೆ ಅದರಲ್ಲಿ ಪ್ರಕರಣವಿಲ್ಲ.

ಇನ್ನೊಂದು ಸಂಗತಿ. ಪ್ರತಿ ತಿಂಗಳ ಮೊದಲನೆಯ ಗುರುವಾರ ಈ ಆಟದಲ್ಲಿ ಪ್ರಳಯವಾಗುವದು. ಕಟ್ಟಿದ ಮನೆ, ಕೂಡಿಟ್ಟ ಪೆಟ್ಟಿಗೆ, ದ್ವೀಪ ಎಲ್ಲ ಅಳಿದು ಎಲ್ಲರೂ ಮತ್ತೆ ಕಲ್ಲು ಪಂಜುಗಳೊಡನೆ ದಂಡೆಯಲ್ಲಿ ಏಳುವರು. ಜಗಳಕ್ಕೆ ಕಾರಣವಾದ ಸಾಮಾನಿಗೆ ಆಗ ಉಳಿದ ಆಯುಷ್ಯ ಐದು ದಿನ! ಇದನ್ನು ಕೇಳಿ ನಮ್ಮ ಮನೆಯವರು ಹಣೆ ಚಚ್ಚಿಕೊಂಡರು. ಶನಿವಾರ ಮೊಮ್ಮಗನು ಯಾರಿಗೂ ಹೇಳದೆ ಬಸ್ಸು ಹತ್ತಿ ಖಾನಾಪುರಕ್ಕೆ ಹೋದನು. ಸಂಜೆಗೆ ಬಂದಾಗ ಕೈಯಲ್ಲಿ ಒಂದು ಹಲಸಿನ ಹಣ್ಣಿತ್ತು. ಏನು ಮಾತಾಯಿತೆಂದು ನಾವು ಕೇಳಲಿಲ್ಲ.

ಗುರುವಾರ ನಡುರಾತ್ರಿಯ ಸುಮಾರಿಗೆ ಅಟ್ಟದಲ್ಲಿ ಮತ್ತೆ ಎರಡು ದನಿ ಎದ್ದವು. ಕರಡಿಯೊಂದು ಬೆನ್ನಟ್ಟಿತೆಂದು ತೋರುತ್ತದೆ. "ಬಿದ್ದೆನೋ!" ಎಂದು ಯಂತ್ರದೊಳಗಿಂದ ಖಾನಾಪುರದವನ ಕೂಗು, "ತಡಿ, ಬಂದೆ" ಎಂದು ನಮ್ಮವನು. ನಮ್ಮ ಮನೆಯವರು ಕತ್ತಲಲ್ಲಿಯೇ ಮೆಟ್ಟಿಲ ಬುಡಕ್ಕೆ ಹೋಗಿ ನಿಂತು, "ಎದ್ದನೇನೋ?" ಎಂದು ಕೇಳಿದರು.