‘ಓಡಿಹೋದಳು’ ಎಂದವರು ಯಾರು?



ಕಳೆದ ತಿಂಗಳು ವಾರದ ಸಭೆ ಮುಗಿದ ಮೇಲೆ ನಮ್ಮ ಸಂಘದ ಹನ್ನೊಂದು ಮಂದಿ ಒಬ್ಬ ಸದಸ್ಯೆಯ ಮನೆಯಲ್ಲಿ ಕುಳಿತು ‘ದಹಾಡ್’ ಎಂಬ ಹಿಂದಿ ಪತ್ತೇದಾರಿ ಧಾರಾವಾಹಿಯ ಮೊದಲ ಕಂತು ನೋಡಿದೆವು. 2023ರ ಮೇ ತಿಂಗಳಲ್ಲಿ ಬಿಡುಗಡೆಯಾದ 8 ಕಂತುಗಳ ಧಾರಾವಾಹಿ ಇದು. ರೀಮಾ ಕಾಗ್ತಿ, ಜೋಯಾ ಅಖ್ತರ್ ಎಂಬ ಇಬ್ಬರು ಮಹಿಳೆಯರು ರೂಪಿಸಿದ್ದು. ನಮ್ಮಲ್ಲಿ ಹಲವರಿಗೆ ಹಿಂದಿ ಅಷ್ಟಕ್ಕಷ್ಟೆ. ಆ ಮನೆಯ ಕಾಲೇಜು ಹುಡುಗಿ ನಡುನಡುವೆ ಬಿಡಿಸಿ ಹೇಳಿದಳು. ನೋಡಿದ ಮೇಲೆ ಚಾ ಕುಡಿಯುತ್ತಾ ಒಬ್ಬೊಬ್ಬರೂ ತಮ್ಮ ಅಭಿಪ್ರಾಯ ಹೇಳಿದರು. ಆ ಅಭಿಪ್ರಾಯಗಳು ಇವತ್ತಿಗೂ ನನ್ನ ಎದೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತಿವೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕತೆ ರಾಜಸ್ಥಾನದ ಮಂಡಾವಾ ಎಂಬ ಸಣ್ಣ ಪಟ್ಟಣದ್ದು. ಒಬ್ಬ ಬಡ ಯುವಕ ತನ್ನ ಸೋದರಿ ಕಾಣೆಯಾಗಿದ್ದಾಳೆಂದು ಪೊಲೀಸ್ ಠಾಣೆಗೆ ಬರುತ್ತಾನೆ. ಯಾರೂ ಕಿವಿಗೊಡುವುದಿಲ್ಲ. ಅದೇ ಹೊತ್ತಿಗೆ ಮೇಲ್ಜಾತಿಯ ದೊಡ್ಡ ಮನೆಯ ಹುಡುಗಿಯೊಬ್ಬಳು ಬೇರೆ ಧರ್ಮದ ಹುಡುಗನ ಜೊತೆ ಹೋದಾಗ ಇಡೀ ಠಾಣೆ ಎದ್ದು ನಿಲ್ಲುತ್ತದೆ. ಅದನ್ನು ನೋಡಿದ ಈ ಯುವಕ, ‘ನನ್ನ ಸೋದರಿಯನ್ನೂ ಬೇರೆ ಧರ್ಮದವನೇ ಕರೆದುಕೊಂಡು ಹೋದ’ ಎನ್ನುತ್ತಾನೆ. ಆಗ ಮಾತ್ರ ಕಡತ ತೆರೆಯುತ್ತದೆ! ಮುಂದೆ ಅಂಜಲಿ ಭಾಟಿ ಎಂಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ತನಿಖೆ ಮಾಡುತ್ತಾ ಹೋದಂತೆ ಒಂದಾದ ಮೇಲೊಂದು ಹೆಣ್ಣುಮಕ್ಕಳ ಸಾವು ಹೊರಬೀಳುತ್ತದೆ. ಎಲ್ಲರೂ ವರದಕ್ಷಿಣೆ ಕೊಡಲಾಗದೆ ಮದುವೆ ತಡವಾದವರು. ‘ನನಗೆ ವರದಕ್ಷಿಣೆ ಬೇಡ’ ಎಂದ ಒಬ್ಬ ಮೇಷ್ಟ್ರನ್ನು ನಂಬಿದವರು.

ಈಗ ನಮ್ಮವರ ಅಭಿಪ್ರಾಯ ಕೇಳಿ.

ಒಬ್ಬಳೆಂದಳು: “ಎಂಥ ಮರುಳು ಹುಡುಗಿಯರು ಮಾರಾಯ್ತಿ! ಊರು ಕೇರಿ ಗೊತ್ತಿಲ್ಲದವನ ಹಿಂದೆ ಹೋಗುವುದಾ?” ಇನ್ನೊಬ್ಬಳು: “ಹೆಣ್ಣುಮಕ್ಕಳಿಗೆ ಮೊಬೈಲ್ ಕೊಟ್ಟದ್ದೇ ತಪ್ಪು.” ಮತ್ತೊಬ್ಬಳು: “ಅಪ್ಪ ಅಮ್ಮ ಹದ್ದುಬಸ್ತಿನಲ್ಲಿ ಇಡಬೇಕಿತ್ತು.” ಕೊನೆಗೆ ಒಬ್ಬಳು ನಿಟ್ಟುಸಿರು ಬಿಟ್ಟು, “ಇದೆಲ್ಲ ಕತೆ ಅಕ್ಕಾ, ನಿಜದಲ್ಲಿ ಇಂಥವನು ಕೋಟಿಗೊಬ್ಬ,” ಎಂದು ಚಾದ ಲೋಟ ತೊಳೆಯಲು ಎದ್ದಳು.

ಕೊಂದವನ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ವರದಕ್ಷಿಣೆಯ ಬಗ್ಗೆಯೂ ಇಲ್ಲ. ಬೈಗುಳವೆಲ್ಲ ಸತ್ತವಳಿಗೆ!

‘ಇದೆಲ್ಲ ಕತೆ’ ಎಂದಿರಲ್ಲ, ನಾವು ಕುಳಿತ ಊರು ಯಾವುದು? ಬಂಟ್ವಾಳ ತಾಲ್ಲೂಕು. ಆ ಧಾರಾವಾಹಿಗೆ ಪ್ರೇರಣೆಯೆಂದು ಪತ್ರಿಕೆಗಳೆಲ್ಲ ಬರೆದದ್ದು ನಮ್ಮದೇ ಜಿಲ್ಲೆಯ ಮೋಹನ್ ಕುಮಾರನ ಪ್ರಕರಣವನ್ನು. ‘ಸಯನೈಡ್ ಮೋಹನ’ ಎಂದರೆ ನಿಮಗೆ ನೆನಪಾದೀತು. ಶಾಲಾ ಮೇಷ್ಟ್ರಾಗಿದ್ದವನು. ಬಡ ಮನೆಯ, ಮದುವೆಯಾಗದ ಹೆಣ್ಣುಮಕ್ಕಳನ್ನು ಹುಡುಕಿ ಪರಿಚಯ ಮಾಡಿಕೊಂಡು, ವರದಕ್ಷಿಣೆಯಿಲ್ಲದೆ ಮದುವೆಯಾಗುತ್ತೇನೆಂದು ನಂಬಿಸಿ, ಬೇರೆ ಊರಿನ ಲಾಡ್ಜಿಗೆ ಕರೆದೊಯ್ಯುತ್ತಿದ್ದ. ಮರುದಿನ ಒಡವೆಗಳನ್ನು ರೂಮಿನಲ್ಲೇ ಬಿಡಿಸಿ, ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಎಂದು ಗುಳಿಗೆ ಕೊಡುತ್ತಿದ್ದ. ಅದರಲ್ಲಿ ಸಯನೈಡ್. ಶೌಚಾಲಯದ ಒಳಗೆ ಹೋದವಳು ಹೊರಗೆ ಬರುತ್ತಿರಲಿಲ್ಲ. ಇವನು ಒಡವೆ ಎತ್ತಿಕೊಂಡು ಮಾಯವಾಗುತ್ತಿದ್ದ. ಅವನ ಮೇಲೆ ನಡೆದದ್ದು 20 ಹೆಣ್ಣುಮಕ್ಕಳ ಕೊಲೆ ಮೊಕದ್ದಮೆ. 2013ರ ಡಿಸೆಂಬರಿನಲ್ಲಿ ಮಂಗಳೂರಿನ ನ್ಯಾಯಾಲಯ ಮರಣದಂಡನೆ ಕೊಟ್ಟಿತು. 2017ರಲ್ಲಿ ಹೈಕೋರ್ಟು ಒಂದು ಪ್ರಕರಣದಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. 20ನೆಯ ಪ್ರಕರಣದ ತೀರ್ಪು ಬಂದದ್ದು 2020ರಲ್ಲಿ.

ಯೋಚಿಸಿ. ಬೇರೆ ಬೇರೆ ಊರುಗಳ ಬಸ್ ನಿಲ್ದಾಣದ ಶೌಚಾಲಯಗಳಲ್ಲಿ ಹೆಣ್ಣುಮಕ್ಕಳ ಹೆಣಗಳು ಒಂದೇ ರೀತಿಯಲ್ಲಿ ಸಿಗುತ್ತಾ ಹೋದವು. ಗುರುತು ಸಿಗದ ಹೆಣ, ಅಸಹಜ ಸಾವು, ಆತ್ಮಹತ್ಯೆ ಇರಬೇಕು ಎಂದು ಕಡತ ಮುಚ್ಚಿದವು. ಅವನು 2009ರ ಅಕ್ಟೋಬರಿನಲ್ಲಿ ಸಿಕ್ಕಿಬಿದ್ದದ್ದಾದರೂ ಹೇಗೆ? ಇದೇ ಬಂಟ್ವಾಳ ತಾಲ್ಲೂಕಿನ ಹುಡುಗಿಯೊಬ್ಬಳು ಆ ವರ್ಷ ಕಾಣೆಯಾದಾಗ, ಬೇರೆ ಧರ್ಮದವನ ಜೊತೆ ಹೋಗಿದ್ದಾಳೆ ಎಂಬ ಗುಲ್ಲೆದ್ದು ಜನ ಠಾಣೆಯ ಮುಂದೆ ಪ್ರತಿಭಟನೆಗೆ ನಿಂತರು. ಆಮೇಲೆ ತನಿಖೆ ಬಿರುಸಾಯಿತು. ಗುಲ್ಲು ಸುಳ್ಳಾಗಿತ್ತು. ಕೊಂದವನು ಬೇರೆಯೇ ಆಗಿದ್ದ. ಧಾರಾವಾಹಿಯ ಮೊದಲ ಕಂತು ಹೇಳುವುದೂ ಇದನ್ನೇ: ಹೆಣ್ಣಿನ ಜೀವಕ್ಕೆ ತನ್ನಷ್ಟಕ್ಕೆ ಬೆಲೆಯಿಲ್ಲ. ಅವಳು ಜಾತಿಯ ಮಾನ, ಧರ್ಮದ ಮಾನ ಆದಾಗ ಮಾತ್ರ ಸಮಾಜಕ್ಕೆ ಎಚ್ಚರವಾಗುತ್ತದೆ.

ಅಷ್ಟು ಹೆಣ್ಣುಮಕ್ಕಳು ಕಾಣೆಯಾದಾಗ ಎಷ್ಟೋ ಮನೆಯವರು ದೂರನ್ನೇ ಕೊಡಲಿಲ್ಲ. ಯಾಕೆ? ‘ಯಾರನ್ನೋ ಕಟ್ಟಿಕೊಂಡು ಎಲ್ಲೋ ಸುಖವಾಗಿದ್ದಾಳೆ’ ಎಂದುಕೊಂಡರು. ಮರ್ಯಾದೆಗೆ ಹೆದರಿದರು. ನಾವು ಅವರಿಗಿಂತ ಮೇಲೆಂದು ಹೇಳುವ ಧೈರ್ಯ ನನಗಿಲ್ಲ. ನನ್ನ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ನಮ್ಮ ಓಣಿಯ, ಬೀಡಿ ಕಟ್ಟುತ್ತಿದ್ದ ಹುಡುಗಿಯೊಬ್ಬಳು ಮನೆಗೆ ಬಾರದೇ ಹೋದಾಗ, ನಳ್ಳಿಯ ಹತ್ತಿರ ನಿಂತು ‘ಓಡಿಹೋದಳಂತೆ’ ಎಂದವರಲ್ಲಿ ನಾನೂ ಒಬ್ಬಳು. ಪುಣ್ಯಕ್ಕೆ ಅವಳು ಎರಡು ತಿಂಗಳಾದ ಮೇಲೆ ತಿರುಗಿ ಬಂದಳು. ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋಗಿದ್ದಳು. ಮನೆಯಲ್ಲಿ ಅವಳ ಮದುವೆಯ ಸಾಲದ ಮಾತು ಕೇಳಿ ಕೇಳಿ ಸಾಕಾಗಿತ್ತಂತೆ. ಅವಳು ಬಾರದೇ ಹೋಗಿದ್ದರೆ? ನನ್ನ ‘ಓಡಿಹೋದಳಂತೆ’ ಎಂಬ ಒಂದು ಮಾತೇ ಅವಳನ್ನು ಹುಡುಕದಿರಲು ಊರಿಗೆ ಸಾಕಾಗುತ್ತಿತ್ತು.

‘ಮರುಳು ಹುಡುಗಿಯರು’ ಎನ್ನುವವರಿಗೆ ನನ್ನ ಪ್ರಶ್ನೆ. ಮೂವತ್ತು ದಾಟಿದ ಹೆಣ್ಣನ್ನು ದಿನ ಬೆಳಗಾದರೆ ‘ಇನ್ನೂ ಆಗಲಿಲ್ಲವಾ?’ ಎಂದು ಕೇಳುವವರು ಯಾರು? ತಂಗಿಯ ಮದುವೆಗೆ ಇವಳು ಅಡ್ಡಿ ಎನ್ನುವವರು ಯಾರು? ಅಂಥವಳ ಮುಂದೆ ಒಬ್ಬ ಬಂದು ‘ಒಂದು ಪೈಸೆ ಬೇಡ, ನೀನು ಸಾಕು’ ಎಂದರೆ ಅದನ್ನು ನಂಬುವುದು ಮರುಳಲ್ಲ. ಎಲ್ಲ ಗಂಡಸರೂ ಆಡಬೇಕಾಗಿದ್ದ ಮಾತದು. ಅದು ಅಪರೂಪದ ಮಾತಾದ್ದರಿಂದಲೇ ಕೊಲೆಗಾರನಿಗೆ ಆಯುಧವಾಯಿತು. ಬಲೆ ಹೆಣೆದವನು ಅವನಲ್ಲ, ನಾವು. ಅವನು ಎಳೆದುಕೊಂಡ, ಅಷ್ಟೆ.

‘ಕೋಟಿಗೊಬ್ಬ’ ಎಂದವರೇ, ಸರ್ಕಾರದ ಅಪರಾಧ ದಾಖಲೆಯಲ್ಲಿ 2022ರ ಒಂದೇ ವರ್ಷ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳಿವೆ. ಅವರು ಸತ್ತದ್ದು ಬಸ್ ನಿಲ್ದಾಣದಲ್ಲಲ್ಲ, ಊರೆಲ್ಲ ಅಕ್ಷತೆ ಹಾಕಿ ಕಳಿಸಿದ ಮನೆಯಲ್ಲಿ. ಹದ್ದುಬಸ್ತಿನಲ್ಲಿಟ್ಟು, ಜಾತಕ ನೋಡಿ, ಕೇಳಿದಷ್ಟು ಕೊಟ್ಟು ಕಳಿಸಿದವರು. ಅವರನ್ನು ಯಾವ ಮೊಬೈಲ್ ಕೊಂದಿತು?

ಈಗ ಕಹಿಯಾದ ಮಾತು. ಆ ದಿನ ಧಾರಾವಾಹಿ ನೋಡುವ ಮೊದಲು ನಾವು ಸಭೆಯಲ್ಲಿ ಏನು ಮಾಡಿದ್ದೆವು? ಒಬ್ಬ ಸದಸ್ಯೆಗೆ 80 ಸಾವಿರ ಸಾಲ ಮಂಜೂರು ಮಾಡಿದೆವು. ಸಂಘದ ಪುಸ್ತಕ ಬರೆಯುವವಳು ನಾನು. ‘ಮಗಳ ಮದುವೆ ಖರ್ಚು’ ಎಂದು ನನ್ನ ಕೈಯಾರೆ ಬರೆದೆ. ಅದರಲ್ಲಿ ಹುಡುಗನ ಬೈಕಿಗೆ ಎಷ್ಟು ಹೋಗುತ್ತದೆಂದು ಅಲ್ಲಿದ್ದ ಹನ್ನೊಂದು ಮಂದಿಗೂ ಗೊತ್ತಿತ್ತು. ವಾರವಾರ ಬೀಡಿ ಕಟ್ಟಿ, ಅಕ್ಕಿ ಉಳಿಸಿ ಕೂಡಿಸಿದ ನಮ್ಮ ದುಡ್ಡು ವರದಕ್ಷಿಣೆಗೆ ಹರಿಯುತ್ತಿದೆ. ಮತ್ತೆ ನಾವೇ ಟಿವಿ ಮುಂದೆ ಕುಳಿತು ಸತ್ತವಳಿಗೆ ಬುದ್ಧಿ ಹೇಳುತ್ತೇವೆ!

ಸಾಲ ಕೇಳಿದ ತಾಯಿಯನ್ನು ನಾನು ದೂರುತ್ತಿಲ್ಲ. ಅವಳೊಬ್ಬಳೇ ‘ಕೊಡುವುದಿಲ್ಲ’ ಎನ್ನಲಾರಳು. ಹನ್ನೊಂದು ಮಂದಿ ಜೊತೆಗೆ ನಿಂತರೆ ಹೇಳಿಯಾಳು. ಸಂಘ ಇರುವುದು ಅದಕ್ಕಲ್ಲವೇ? ಮುಂದಿನ ಸಭೆಯಲ್ಲಿ ನಾನು ಮೂರು ಮಾತು ಇಡುತ್ತೇನೆ. ನಿಮ್ಮ ಸಂಘದಲ್ಲೂ ಇಡಿ.

ಒಂದು: ವರದಕ್ಷಿಣೆಗೆ ಸಂಘದ ಸಾಲವಿಲ್ಲ, ಯಾವ ಹೆಸರಿನಲ್ಲೂ ಇಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ. ಆದರೆ ನೊಂದವರು ದೂರು ಕೊಟ್ಟರೆ ಆ ಹೇಳಿಕೆಯ ಕಾರಣಕ್ಕೆ ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ. ಹೆದರಬೇಡಿ. ಹೆಣ್ಣಿನ ಹೊಲಿಗೆ ಯಂತ್ರಕ್ಕೆ, ಓದಿಗೆ, ಅವಳ ಹೆಸರಿನ ಜಾಗಕ್ಕೆ ಸಾಲ ಕೊಡೋಣ.

ಎರಡು: ಊರಿನ ಯಾವ ಹೆಣ್ಣು ಕಾಣೆಯಾದರೂ ಅದೇ ದಿನ ನಮ್ಮಲ್ಲಿ ಐವರು ಮನೆಯವರ ಜೊತೆ ಠಾಣೆಗೆ ಹೋಗೋಣ. ದೂರು ಬರೆಸಿ, ಎಫ್‌ಐಆರ್ ಪ್ರತಿ ಕೇಳೋಣ. ಅದು ಉಚಿತ. ‘ಬರ್ತಾಳೆ ಬಿಡಿ’ ಎಂದರೆ ಎದ್ದು ಬರಬಾರದು. ಮಹಿಳಾ ಸಹಾಯವಾಣಿ 181 ಇದೆ. ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ.

ಮೂರು: ‘ಓಡಿಹೋದಳು’ ಎಂಬ ಮಾತನ್ನು ನಮ್ಮ ಬಾಯಿಂದ ತೆಗೆದುಹಾಕೋಣ. ‘ಕಾಣೆಯಾಗಿದ್ದಾಳೆ, ಹುಡುಕಬೇಕು’ ಎನ್ನೋಣ. ಇಷ್ಟಪಟ್ಟು ಹೋಗಿದ್ದರೆ ಅದು ಅವಳ ಹಕ್ಕು. ಆದರೆ ಜೀವದಿಂದ ಇದ್ದಾಳೆಂದು ಗೊತ್ತಾಗಲೇಬೇಕು.

ಆ ಧಾರಾವಾಹಿಯ ಉಳಿದ 7 ಕಂತುಗಳನ್ನೂ ಒಟ್ಟಿಗೆ ನೋಡೋಣ ಎಂದು ನಮ್ಮವರು ಹೇಳಿದ್ದಾರೆ. ಆಗಲಿ. ಆದರೆ ಟಿವಿ ಹಚ್ಚುವ ಮೊದಲು ಸಂಘದ ಸಾಲದ ಪುಸ್ತಕ ತೆರೆಯಬೇಕು. ಪುಸ್ತಕ ತರುವವಳು ನಾನೇ.